ಆಬಾನ್ ಎಂಬ ಸೆಪ್ಟೆಂಬರ್

ನಿಜಾಮರ ಕಾಲದ ಕಂದಾಯ ಕಾಗದ ನಿಮ್ಮ ಮನೆಯ ಟ್ರಂಕಿನಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ಭಾಲ್ಕಿ, ಔರಾದ ಕಡೆ ಅಂಥ ಟ್ರಂಕುಗಳು ಇನ್ನೂ ಇವೆ. ಕಾಗದ ಉರ್ದುವಿನಲ್ಲಿರುತ್ತದೆ. ಅಣ್ಣತಮ್ಮಂದಿರ ನಡುವೆ ಹೊಲದ ತಕರಾರು ಬಂದಾಗ ಅದನ್ನು ಹಿಡಿದು ಉರ್ದು ಓದಬಲ್ಲ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋಗುತ್ತೇವೆ. ಅವರು ಕನ್ನಡಕ ಏರಿಸಿ ಮೊದಲು ಓದುವುದು ವರ್ಷ ಮತ್ತು ತಿಂಗಳು. ವರ್ಷದ ಜಾಗದಲ್ಲಿ 1340, 1350 ಎಂಬಂಥ ಸಂಖ್ಯೆ ಇರುತ್ತದೆ. ತಿಂಗಳ ಜಾಗದಲ್ಲಿ ಆಜುರ್, ದೈ, ಬಹಮನ್, ಖುರ್ದಾದ್, ತೀರ್ ಎಂಬಂಥ ಹೆಸರುಗಳು. ಸೆಪ್ಟೆಂಬರ್ ಎಂಬ ಪದ ಅಲ್ಲಿ ಸಿಗುವುದು ಕಷ್ಟ. ಆ ತಿಂಗಳ ಬಹುಭಾಗ ಆಗ ಬೀಳುತ್ತಿದ್ದದ್ದು ‘ಆಬಾನ್’ನಲ್ಲಿ.

ಇದು ಫಸಲಿ ಪಂಚಾಂಗ. ಬೆಳೆಗೆ ನಾವು ಹೇಳುವ ‘ಫಸಲು’ ಕೂಡ ಇದೇ ಪದ. ಅರಬ್ಬಿಯ ‘ಫಸಲ್’ ಉರ್ದುವಿನ ಮೂಲಕ ನಮ್ಮ ಹೊಲಕ್ಕೆ ಇಳಿದಿದೆ. ಹಿಜರಿ ವರ್ಷ ಚಂದ್ರನ ಲೆಕ್ಕದ್ದು, 354 ದಿನದ್ದು. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಹಬ್ಬಗಳಿಗೆ ಅದರಿಂದ ತೊಂದರೆ ಇಲ್ಲ, ತೆರಿಗೆಗೆ ಇದೆ. ಒಂದು ವರ್ಷ ರಾಶಿ ಮುಗಿದ ಮೇಲೆ ಬರುವ ಕಂದಾಯದ ಕಂತು, ಹತ್ತು ವರ್ಷ ಕಳೆಯುವಷ್ಟರಲ್ಲಿ ಬೆಳೆ ಇನ್ನೂ ಹಸಿರಿರುವಾಗಲೇ ಬಾಗಿಲಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಅಕ್ಬರನ ಕಾಲದಲ್ಲಿ ಹಿಜರಿಯ ಸಂಖ್ಯೆಯನ್ನೇ ಇಟ್ಟುಕೊಂಡು, ಮುಂದಿನ ಎಣಿಕೆಯನ್ನು ಮಾತ್ರ ಸೂರ್ಯನಿಗೆ ಕಟ್ಟಿದರು. ಷಾಜಹಾನನ ಕಾಲದಲ್ಲಿ ಅದು ದಖ್ಖನಿಗೆ ಬಂತು. ಹೈದರಾಬಾದ್ ಸಂಸ್ಥಾನ ಇದಕ್ಕೆ ಪಾರ್ಸಿ ತಿಂಗಳ ಹೆಸರುಗಳನ್ನು ಜೋಡಿಸಿ, ವರ್ಷದ ಆರಂಭವನ್ನು ಅಕ್ಟೋಬರ್ ಮೊದಲ ವಾರದ ಆಜುರ್ ತಿಂಗಳಿಗೆ ತಂದು ನಿಲ್ಲಿಸಿತು. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ. ಇವತ್ತಿಗೂ ಕೋರ್ಟು ಕಾಗದಗಳಲ್ಲಿ ಕಾಣುವ ಹೈದರಾಬಾದ್ ಭೂಕಂದಾಯ ಕಾಯ್ದೆ 1317 ಫಸಲಿಯದು, ಅಂದರೆ 1907ರ ಸುಮಾರಿನದು.

ಆಬಾನ್ ಅಂದರೆ ಪಾರ್ಸಿಯಲ್ಲಿ ನೀರು, ಜಲದೇವತೆಯ ತಿಂಗಳು. ಇರಾನಿನಲ್ಲಿ ಅದು ಅಕ್ಟೋಬರ್ ಕೊನೆಗೆ ಬರುತ್ತದೆ. ನಮ್ಮಲ್ಲಿ ಹೆಸರು ಸರಿದು ಬಂದು ಸೆಪ್ಟೆಂಬರ್ ಮೇಲೆ ಕೂತಿತು. ಕೂತದ್ದು ಸರಿಯಾದ ಜಾಗದಲ್ಲೇ ಅನ್ನಬೇಕು. ಹುಬ್ಬಿ ಮಳೆ ಮುಗಿದು ಉತ್ತರಿ ಮಳೆ ಹಿಡಿಯುವುದು, ಕೊನೆಗೆ ಹಸ್ತ ಮಳೆ ಕಾಲಿಡುವುದು ಈ ತಿಂಗಳಲ್ಲೇ. (ಇನ್ನೊಂದು ತಮಾಷೆ: ಬಹಮನ್ ಎಂಬುದು ಈ ಪಂಚಾಂಗದ ಮೂರನೇ ತಿಂಗಳು. ಬೀದರವನ್ನು ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನರು ತಮ್ಮ ಕುಲವನ್ನು ಪಾರ್ಸಿ ಪುರಾಣದ ಬಹಮನ್ ಎಂಬ ರಾಜನಿಗೆ ಜೋಡಿಸಿಕೊಂಡಿದ್ದರು. ತಿಂಗಳಿಗೂ ರಾಜನಿಗೂ ಒಂದೇ ಹೆಸರು.)

ಸೆಪ್ಟೆಂಬರ್ ಎಂಬ ಹೆಸರಿನ ಕಥೆಯೂ ಜಾಗ ತಪ್ಪಿದ ಕಥೆಯೇ. ಲ್ಯಾಟಿನ್ನಿನಲ್ಲಿ ಸೆಪ್ಟೆಮ್ ಎಂದರೆ ಏಳು, ನಮ್ಮ ಸಂಸ್ಕೃತದ ಸಪ್ತದ ಸೋದರ ಪದ. ಹಳೆಯ ರೋಮಿನಲ್ಲಿ ವರ್ಷ ಮಾರ್ಚಿನಿಂದ ಶುರು, ಆ ಲೆಕ್ಕಕ್ಕೆ ಇದು ಏಳನೆಯದು. ಜನವರಿ, ಫೆಬ್ರುವರಿ ಮುಂದೆ ಬಂದು ಕೂತಾಗ ಇದು ಒಂಬತ್ತನೆಯದಾಯಿತು, ಹೆಸರನ್ನು ಮಾತ್ರ ಯಾರೂ ತಿದ್ದಲಿಲ್ಲ. ತಿದ್ದಲು ಹೊರಟವರು ಇರಲಿಲ್ಲ ಎಂದಲ್ಲ. ಜೂಲಿಯಸ್ ಸೀಸರನ ಹೆಸರಿನಲ್ಲಿ ಜುಲೈ, ಆಗಸ್ಟಸನ ಹೆಸರಿನಲ್ಲಿ ಆಗಸ್ಟ್ ಆದ ಮೇಲೆ ಮುಂದಿನ ತಿಂಗಳ ಮೇಲೆ ಚಕ್ರವರ್ತಿಗಳ ಕಣ್ಣು ಬಿತ್ತು. ಟೈಬೀರಿಯಸನ ಹೆಸರಿಡೋಣ ಎಂದು ಸೆನೆಟ್ ಕೇಳಿತ್ತು, ಅವನೇ ಬೇಡವೆಂದ. ಕಲಿಗುಲಾ ತನ್ನ ತಂದೆ ಜರ್ಮಾನಿಕಸನ ಹೆಸರಿಟ್ಟ. ಮುಂದೆ ಡೊಮಿಷಿಯನ್ ತನ್ನ ಬಿರುದಿಗಾಗಿ ಅದೇ ಹೆಸರನ್ನು ಮತ್ತೆ ಇಟ್ಟ. ಅವರು ಸತ್ತರು, ಜನ ಮತ್ತೆ ಸೆಪ್ಟೆಂಬರ್ ಅಂದರು. 29 ದಿನವಿದ್ದ ತಿಂಗಳಿಗೆ ಸೀಸರ್ ಸೇರಿಸಿದ ಒಂದು ದಿನ ಮಾತ್ರ ಉಳಿದುಕೊಂಡಿತು. 1752ರಲ್ಲಿ ಬ್ರಿಟನ್ ಹಳೆಯ ಪಂಚಾಂಗ ಬಿಟ್ಟು ಹೊಸದನ್ನು ಹಿಡಿದಾಗ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು. ನಡುವಿನ ಹನ್ನೊಂದು ದಿನ ಅವರ ಇತಿಹಾಸದಲ್ಲೇ ಇಲ್ಲ. ನೀಲಮಣಿ ಈ ತಿಂಗಳ ರತ್ನ, ಆಸ್ಟರ್ ಈ ತಿಂಗಳ ಹೂ ಎಂದು ಇಂಗ್ಲಿಷ್ ಕ್ಯಾಲೆಂಡರುಗಳು ಹೇಳುತ್ತವೆ. 22 ಅಥವಾ 23ಕ್ಕೆ ಹಗಲು ಇರುಳು ಸರಿಸಮ.

ನಮ್ಮ ಕಡೆ ಈ ತಿಂಗಳ ಗುರುತು ಬೇರೆ. ಕೊಯ್ದ ಹೆಸರು, ಉದ್ದಿನ ರಾಶಿ ಒಂದು ಕಡೆ, ಮೋಡ ಒಂದು ಕಡೆ. ಔರಾದ ರಸ್ತೆಯಲ್ಲಿ ಡಾಂಬರಿನ ಮೇಲೆ ಹರಡಿದ ಕಾಳು, ಪಕ್ಕದಲ್ಲಿ ಮಡಚಿಟ್ಟ ತಾಡಪತ್ರಿ. ಸೋಯಾ ಕಾಯಿ ಕಟ್ಟಿರುತ್ತದೆ, ತೊಗರಿ ಇನ್ನೂ ಎಲೆಯಲ್ಲಿರುತ್ತದೆ. ಉತ್ತರಿ ಮಳೆ ಎರಡು ದಿನ ಜಾಸ್ತಿ ಹಿಡಿದರೆ ಹೆಸರು ಕಾಯಲ್ಲೇ ಮೊಳಕೆ ಒಡೆಯುತ್ತದೆ, ಮಂಡಿಯಲ್ಲಿ ಕಪ್ಪು ಕಾಳು ಎಂದು ದರ ಇಳಿಸುತ್ತಾರೆ. ತೆಲಂಗಾಣದ ಅಂಚಿನ ಹಳ್ಳಿಗಳಲ್ಲಿ ಬದುವಿನ ಹಳದಿ ತಂಗಡಿ ಹೂ ಬತುಕಮ್ಮನಿಗಾಗಿ ಕಾಯುತ್ತಿರುತ್ತದೆ. ಬೀದರದ ಸೆಪ್ಟೆಂಬರಿಗೆ ಹೂ ಆರಿಸಿ ಅಂದರೆ ನಾವು ತಂಗಡಿಯನ್ನೇ ಆರಿಸುತ್ತೇವೆ.

ಇನ್ನು ಈ ತಿಂಗಳು ಬೀದರದಲ್ಲಿ ನಡೆದದ್ದು.

ಬೀದರ ಕೋಟೆ ನೋಡಲು ಹೋದವರಿಗೆ ರಂಗೀನ್ ಮಹಲು, ಸೋಲಹ ಕಂಬ ಮಸೀದಿ ತೋರಿಸುತ್ತಾರೆ. ಇಲ್ಲಿ ಒಬ್ಬ ನಿಜಾಮ ಸೆರೆಯಲ್ಲಿ ಸತ್ತ ಎಂದು ಹೇಳುವವರು ಕಡಿಮೆ. ಸಲಾಬತ್ ಜಂಗ್ ಮೊದಲ ನಿಜಾಮನ ಮಗ. ಫ್ರೆಂಚರ, ಅದರಲ್ಲೂ ಬುಸ್ಸಿ ಎಂಬ ಸೇನಾನಿಯ ಬೆಂಬಲದಿಂದ 1751ರಲ್ಲಿ ಗದ್ದುಗೆ ಏರಿದವನು. ಫ್ರೆಂಚರ ಬಲ ಕುಗ್ಗಿದಂತೆ ಅವನ ಬಲವೂ ಕುಗ್ಗಿತು. 1762ರ ಜುಲೈಯಲ್ಲಿ ತಮ್ಮ ನಿಜಾಮ್ ಅಲಿ ಖಾನ್ ಅವನನ್ನು ಇಳಿಸಿ ಬೀದರ ಕೋಟೆಯಲ್ಲಿ ಕೂಡಿಹಾಕಿದ. ಮುಂದಿನ ಫೆಬ್ರುವರಿಯಲ್ಲಿ, ಸಾವಿರಾರು ಮೈಲಿ ದೂರದ ಪ್ಯಾರಿಸಿನಲ್ಲಿ, ಇಂಗ್ಲೆಂಡ್ ಮತ್ತು ಫ್ರಾನ್ಸ್ ಏಳು ವರ್ಷದ ಯುದ್ಧ ಮುಗಿಸಿ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಹನ್ನೊಂದನೇ ಕಲಮಿನಲ್ಲಿ ದಖ್ಖನಿನ ನ್ಯಾಯಬದ್ಧ ಸುಬೇದಾರ ಸಲಾಬತ್ ಜಂಗನೇ ಎಂದು ಎರಡೂ ದೇಶಗಳು ಮಾನ್ಯ ಮಾಡಿದವು. ಮಾನ್ಯತೆ ಸಿಕ್ಕಾಗ ಆ ಸುಬೇದಾರ ಬೀದರದ ಸೆರೆಯಲ್ಲಿದ್ದ. ಒಪ್ಪಂದದ ಸುದ್ದಿಯೇ ಅವನ ಜೀವಕ್ಕೆ ಮುಳುವಾಯಿತು ಎನ್ನುವ ಇತಿಹಾಸಕಾರರಿದ್ದಾರೆ. ಹೊರಗಿನವರು ಒಪ್ಪಿಕೊಂಡ ಅಣ್ಣ ಬದುಕಿದ್ದರೆ ತಮ್ಮನ ಗದ್ದುಗೆಗೆ ಕಂಟಕ. 1763ರ ಸೆಪ್ಟೆಂಬರ್ 16ರಂದು ಸಲಾಬತ್ ಜಂಗ್ ಬೀದರದ ಸೆರೆಯಲ್ಲಿ ಕೊಲೆಯಾದ.

ಅಲ್ಲಿಂದ 185 ವರ್ಷ ಒಂದು ದಿನಕ್ಕೆ ನಿಜಾಮರ ಆಳ್ವಿಕೆಯೇ ಬೀದರದಿಂದ ಹೋಯಿತು. ಆ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಭಾಷಣವಾಗಿ ಕೇಳಿದ್ದೇವೆ, ಕೆಲವರು ಬಾಯಿಪಾಠ ಮಾಡಿ ಹೇಳಿಯೂ ಇದ್ದೇವೆ. ಹಾಗಾಗಿ ಭಾಷಣದಲ್ಲಿ ಬರುವ ಭಾಗವನ್ನು ಬೇಗ ಹೇಳಿ, ಬಾರದ ಭಾಗಕ್ಕೆ ಹೆಚ್ಚು ಜಾಗ ಕೊಡುತ್ತೇವೆ.

1938ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಇನ್ನೂ ಸರಿಯಾಗಿ ಹುಟ್ಟುವ ಮೊದಲೇ ನಿಜಾಮ ಸರ್ಕಾರ ಅದನ್ನು ನಿಷೇಧಿಸಿತು. 1947ರ ಆಗಸ್ಟ್ 15ರಂದು ದೇಶದಲ್ಲಿ ಬಾವುಟ ಹಾರಿದಾಗ ಬೀದರದಲ್ಲಿ ಹಾರಲಿಲ್ಲ. ಮೀರ್ ಉಸ್ಮಾನ್ ಅಲಿ ಖಾನ್ ಸ್ವತಂತ್ರವಾಗಿರುತ್ತೇನೆಂದ. ನವೆಂಬರ್ 29ಕ್ಕೆ ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದವಾಯಿತು. ಈ ನಡುವೆ ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷದ ರಜಾಕಾರ ಪಡೆ ಹಳ್ಳಿಹಳ್ಳಿಗೆ ಬೆಳೆಯಿತು. ಅದರ ನಾಯಕ ಕಾಸಿಂ ರಜ್ವಿ ನಮ್ಮ ಪಕ್ಕದ ಲಾತೂರಿನಲ್ಲಿ ವಕೀಲಿ ಮಾಡಿದವನು. ಲೂಟಿ, ಬೆಂಕಿ, ಕೊಲೆ ನಡೆದವು. ಸಾವಿರಾರು ಜನ ಸೊಲ್ಲಾಪುರದ ಕಡೆ ಗಡಿ ದಾಟಿದರು. 1948ರ ಮೇ 9ರಂದು ಗೋರಟಾದಲ್ಲಿ ನಡೆದದ್ದು ಇವೆಲ್ಲಕ್ಕಿಂತ ದೊಡ್ಡದು. ಭಾಲ್ಕಿಯಿಂದ ದೂರವಲ್ಲದ, ಬಸವಕಲ್ಯಾಣ ಭಾಗದ ಆ ಊರಿಗೆ ರಜಾಕಾರರು ನುಗ್ಗಿದರು. ಸತ್ತವರು ಇನ್ನೂರರ ಸುಮಾರು ಎಂದು ಜನ ಹೇಳುತ್ತಾರೆ. ನಮ್ಮ ಅಜ್ಜಿಯರು ‘ರಜಾಕಾರರ ಹಾವಳಿ’ ಎಂದು ದನಿ ತಗ್ಗಿಸಿ ಹೇಳುತ್ತಿದ್ದುದು ಸುಳ್ಳಲ್ಲ.

ರಜಾಕಾರರು ಕೊಂದದ್ದು ಹಿಂದೂಗಳನ್ನು ಮಾತ್ರವೂ ಅಲ್ಲ. ‘ಇಮ್ರೋಜ್’ ಉರ್ದು ಪತ್ರಿಕೆಯ ಸಂಪಾದಕ ಶೋಯೇಬುಲ್ಲಾ ಖಾನ್ ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದರು. 1948ರ ಆಗಸ್ಟ್ 21ರ ರಾತ್ರಿ ಹೈದರಾಬಾದಿನಲ್ಲಿ, ಕಚೇರಿಯಿಂದ ಮನೆಗೆ ಹೋಗುವಾಗ ಅವರ ಮೇಲೆ ದಾಳಿ ಮಾಡಿ ಬರೆಯುವ ಕೈಯನ್ನೇ ಕಡಿದರು. ಅವರು ಬದುಕಲಿಲ್ಲ. ಪತ್ರಿಕೋದ್ಯಮ ಓದಿದ ನಮಗೆ ಈ ಹೆಸರನ್ನು ತರಗತಿಯಲ್ಲೇ ಯಾರಾದರೂ ಹೇಳಬೇಕಿತ್ತು ಅನ್ನಿಸುತ್ತದೆ. ಅದೇ ಆಗಸ್ಟ್ 21ರಂದು ನಿಜಾಮ ಸರ್ಕಾರ ವಿಶ್ವಸಂಸ್ಥೆಗೆ ದೂರು ಕೊಟ್ಟಿತು.

ಸೆಪ್ಟೆಂಬರ್ 13, ಸೋಮವಾರ ಬೆಳಗಿನ ಜಾವ ಭಾರತೀಯ ಸೇನೆ ಸಂಸ್ಥಾನದೊಳಗೆ ಕಾಲಿಟ್ಟಿತು. ಮುಖ್ಯ ಪಡೆ ಬಂದದ್ದು ಸೊಲ್ಲಾಪುರ–ಹೈದರಾಬಾದ್ ರಸ್ತೆಯಲ್ಲಿ. ಮೊದಲು ನಳದುರ್ಗ, ಆಮೇಲೆ ಉಮರ್ಗಾ, ಹುಮನಾಬಾದ್ ದಾರಿ, ಜಹೀರಾಬಾದ್. ಈಗಲೂ ಮುಂಬೈ ಕಡೆಯ ಟ್ರಕ್ಕುಗಳು ಓಡುವ ರಸ್ತೆಯೇ ಅದು. ಮಳೆಗಾಲದ ಎರೆಭೂಮಿಯಲ್ಲಿ ಟ್ಯಾಂಕು ರಸ್ತೆ ಬಿಟ್ಟು ಇಳಿದರೆ ಏನಾಗುತ್ತದೆ ಎಂದು ನಮಗೆ ಯಾರೂ ವಿವರಿಸಬೇಕಿಲ್ಲ. ಬೀದರಕ್ಕೆ ಸೇನೆಯ ಲೆಕ್ಕದಲ್ಲಿ ಬೆಲೆ ಇತ್ತು. ಆಸ್ಟ್ರೇಲಿಯಾದ ಸಿಡ್ನಿ ಕಾಟನ್ ಎಂಬ ವಿಮಾನ ಚಾಲಕ ನಿಜಾಮನಿಗಾಗಿ ಕರಾಚಿಯಿಂದ ಕದ್ದು ತರುತ್ತಿದ್ದ ಶಸ್ತ್ರಗಳ ವಿಮಾನಗಳು ಬೀದರ ಮತ್ತು ವರಂಗಲ್ಲಿನ ಪಟ್ಟಿಗಳಲ್ಲಿ ಇಳಿಯುತ್ತಿದ್ದವು.

ಸೆಪ್ಟೆಂಬರ್ 16ರಂದು, ಮತ್ತೆ ಪ್ಯಾರಿಸಿನಲ್ಲಿ, ಭದ್ರತಾ ಮಂಡಳಿ ಹೈದರಾಬಾದಿನ ದೂರನ್ನು ಕೈಗೆತ್ತಿಕೊಂಡಿತು. ಸಲಾಬತ್ ಜಂಗ್ ಸತ್ತ ದಿನಾಂಕವೂ ಅದೇ. ಪ್ಯಾರಿಸಿನ ಕಾಗದ ಈ ಸಲವೂ ಬೀದರದಲ್ಲಿ ಕೆಲಸಕ್ಕೆ ಬರಲಿಲ್ಲ. 17ರ ಬೆಳಗಿನ ಜಾವ ಸೇನೆ ಬೀದರ ಪಟ್ಟಣ ಹೊಕ್ಕಿತು. ಅಂದು ಶುಕ್ರವಾರ. ಹಿಜರಿ ಲೆಕ್ಕದಲ್ಲಿ 1367ರ ಜಿಲ್ಕಾದ್, ಫಸಲಿಯಲ್ಲಿ 1357ರ ಆಬಾನ್, ನಮ್ಮ ಪಂಚಾಂಗದಲ್ಲಿ ಭಾದ್ರಪದ ಶುದ್ಧ ಚತುರ್ದಶಿ, ಅನಂತ ಚತುರ್ದಶಿ. ಸಂಜೆ ನಿಜಾಮ ರೇಡಿಯೋದಲ್ಲಿ ಕದನ ನಿಲ್ಲಿಸಿರುವುದಾಗಿ ಹೇಳಿದ. ಮರುದಿನ ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧರಿ ಅವರಿಗೆ ಶರಣಾದ. ಸೇನೆ ಇದಕ್ಕೆ ಆಪರೇಷನ್ ಪೋಲೋ ಎಂದಿತ್ತು. ದೇಶದೊಳಗಿನ ವಿಷಯ ಎಂದು ತೋರಿಸಲು ಸರ್ಕಾರ ‘ಪೊಲೀಸ್ ಕಾರ್ಯಾಚರಣೆ’ ಎಂದಿತು. ಹಳ್ಳಿಯಲ್ಲಿ ಉಳಿದ ಮಾತು ‘ಪೊಲೀಸ್ ಆಕ್ಷನ್’. ಹುಟ್ಟಿದ ತಾರೀಖು ಗೊತ್ತಿಲ್ಲದ ಹಿರಿಯರು ವಯಸ್ಸು ಹೇಳುವುದು ಇವತ್ತಿಗೂ ಹೀಗೇ: ‘ಪೊಲೀಸ್ ಆಕ್ಷನ್ ಆದಾಗ ನಾ ತೊಟ್ಟಿಲದಾಗಿದ್ದೆ.’

ಭಾಷಣ ಇಲ್ಲಿಗೆ ಮುಗಿಯುತ್ತದೆ. ತಿಂಗಳು ಮುಗಿದಿರಲಿಲ್ಲ.

ಸೆಪ್ಟೆಂಬರಿನ ಉಳಿದ ದಿನಗಳಲ್ಲಿ, ಆಮೇಲಿನ ವಾರಗಳಲ್ಲಿ, ಸಂಸ್ಥಾನದ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಸೇಡು ತೀರಿಸಲಾಯಿತು. ಸುದ್ದಿ ದೆಹಲಿ ಮುಟ್ಟಿದಾಗ ನೆಹರೂ ಸರ್ಕಾರ ಒಂದು ಸದ್ಭಾವನಾ ತಂಡವನ್ನು ಕಳಿಸಿತು. ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅದರಲ್ಲಿದ್ದರು. ನವೆಂಬರ್ ಕೊನೆಗೆ ಬಂದು ಡಿಸೆಂಬರ್ 21ರವರೆಗೆ ಇದ್ದು, ಸಂಸ್ಥಾನದ 16 ಜಿಲ್ಲೆಗಳಲ್ಲಿ ಒಂಬತ್ತನ್ನು ಸುತ್ತಿದರು. ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರ ಸತ್ತವರು 27 ಸಾವಿರದಿಂದ 40 ಸಾವಿರ ಎಂಬುದು ಅವರ ಅಂದಾಜು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳನ್ನು ಅವರು ಹೆಸರಿಸಿದರು: ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ್. ಈ ನಾಲ್ಕರಲ್ಲೇ ಸತ್ತವರು 18 ಸಾವಿರಕ್ಕೆ ಕಡಿಮೆ ಇಲ್ಲ ಎಂದರು. ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಯಲ್ಲಿ ಕೈ ಹಾಕಿದ್ದನ್ನು ಬರೆದರು. ಪ್ರಾಣ ಒತ್ತೆಯಿಟ್ಟು ನೆರೆಯವರನ್ನು ಕಾಪಾಡಿದ ಹಿಂದೂಗಳ ಬಗ್ಗೆಯೂ ಬರೆದರು. ಅದರಲ್ಲಿ ಒಂದು ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ: ಒಂದೇ ಕಸುಬಿನವರ ನಡುವೆ ಈ ಕರುಳು ಹೆಚ್ಚಾಗಿತ್ತು, ಮುಸ್ಲಿಂ ನೇಕಾರರಿಗೆ ಹಿಂದೂ ನೇಕಾರರು ಅಡ್ಡ ನಿಂತರು.

ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ದಶಕಗಳ ನಂತರ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದಲು ಸಿಕ್ಕಿತು. ಅಂಕಿಗಳ ಬಗ್ಗೆ ವಾದವಿದೆ, ಇರಲಿ. ಆದರೆ ನಮ್ಮ ಜಿಲ್ಲೆಯ ಹೆಸರು ಆ ನಾಲ್ಕರಲ್ಲಿ ಇದೆ ಎಂಬುದನ್ನು ನಾವು ಓದಿದ ಯಾವ ಪಠ್ಯದಲ್ಲೂ ಕಂಡಿರಲಿಲ್ಲ. ಗೋರಟಾಕ್ಕೆ ಸ್ಮಾರಕ ಬೇಕಿತ್ತು, ತಡವಾಗಿಯಾದರೂ ಬಂತು. 2023ರ ಮಾರ್ಚ್ 26ರಂದು ಅಲ್ಲಿ ಹುತಾತ್ಮರ ಸ್ಮಾರಕ, ಸರ್ದಾರ್ ಪಟೇಲರ ಪ್ರತಿಮೆ, 103 ಅಡಿ ಎತ್ತರದ ಧ್ವಜ ಉದ್ಘಾಟನೆಯಾದವು. ಸೆಪ್ಟೆಂಬರ್ 17ರ ನಂತರ ಸತ್ತವರಿಗೆ ಒಂದು ಕಲ್ಲು ಎಲ್ಲಾದರೂ ಇದ್ದರೆ ನಮಗೆ ತೋರಿಸಿ, ಫೋಟೋ ತೆಗೆದು ಹಾಕುತ್ತೇವೆ. ಒಂದನ್ನು ನೆನೆದರೆ ಇನ್ನೊಂದನ್ನು ಮರೆಸಿದಂತೆ ಎಂಬ ಅಂಜಿಕೆ ಎರಡೂ ಕಡೆಯ ಭಾಷಣಕಾರರಿಗಿದೆ. ನಮಗೆ ಆ ಅಂಜಿಕೆ ಅರ್ಥವಾಗುವುದಿಲ್ಲ. ಗೋರಟಾದಲ್ಲಿ ಸತ್ತವರ ಲೆಕ್ಕ, ಆಮೇಲೆ ಸತ್ತವರ ಲೆಕ್ಕದಿಂದ ಒಂದೂ ಕಡಿಮೆಯಾಗುವುದಿಲ್ಲ.

ಬಿಡುಗಡೆಯಿಂದ ಬಂದದ್ದು ಸಣ್ಣದಲ್ಲ, ಅದನ್ನೂ ಹೇಳಬೇಕು. ಉರ್ದು ಬಿಟ್ಟರೆ ಶಾಲೆಯಿಲ್ಲ, ಕಚೇರಿಯಿಲ್ಲ ಎಂಬ ಕಾಲದಲ್ಲಿ ಕಮಲನಗರದವರಾದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಈ ಬರಹವನ್ನು ನಾವು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಆ ಬೋರ್ಡಿನ ಹಿಂದಿನ ಕೋಣೆಗಳ ಋಣವಿದೆ. 1999ರಲ್ಲಿ ಅವರು ಲಿಂಗೈಕ್ಯರಾದಾಗ ವಯಸ್ಸು ನೂರು ದಾಟಿತ್ತು. 1948ರ ನಂತರ ಬೋರ್ಡು ಬದಲಾಯಿತು. ಫಸಲಿ ತಿಂಗಳುಗಳು ಕಾಗದದಿಂದ ಒಂದೊಂದಾಗಿ ಮರೆಯಾದವು. 1954–55ರ ಖಾಸ್ರಾ ಪಹಣಿಗೆ ಬರುವಷ್ಟರಲ್ಲಿ ಇಸವಿ ಬಂದಿತ್ತು. ಆಬಾನ್ ಸೆಪ್ಟೆಂಬರ್ ಆಯಿತು.

ಆ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಬೀದರ ಜಿಲ್ಲೆ ಈಗಿನ ಬೀದರ ಜಿಲ್ಲೆಯಲ್ಲ. ಉದಗೀರ, ನಿಲಂಗಾ, ಅಹಮದಪುರ ಅದರಲ್ಲಿದ್ದವು. ಜಹೀರಾಬಾದ್, ನಾರಾಯಣಖೇಡ ಅದರಲ್ಲಿದ್ದವು. 1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ಜಿಲ್ಲೆ ಮೂರು ಪಾಲಾಯಿತು. ಮೊದಲ ಮೂರು ತಾಲೂಕು ಮುಂಬೈ ರಾಜ್ಯಕ್ಕೆ, ಜಹೀರಾಬಾದ್ ಕಡೆಯದು ಆಂಧ್ರಕ್ಕೆ, ಬೀದರ, ಭಾಲ್ಕಿ, ಹುಮನಾಬಾದ್, ಔರಾದ ಮೈಸೂರಿಗೆ. ಔರಾದ ತಾಲೂಕಿನ ಜನರಿಗೆ ಎರಡು ರಾಜ್ಯಗಳ ಗಡಿ ಒಟ್ಟಿಗೆ ಸಿಕ್ಕಿತು. ಬೀಗರು ಒಂದು ರಾಜ್ಯದಲ್ಲಿ, ಸಂತೆ ಇನ್ನೊಂದರಲ್ಲಿ, ಪಹಣಿ ಮೂರನೆಯದರಲ್ಲಿ.

ಗಡಿ ಬೇರೆಯಾದರೂ ನೆಲ ಒಂದೇ ಎಂದು ತಿಳಿದದ್ದೂ ಇದೇ ತಿಂಗಳಲ್ಲಿ. 1993ರ ಸೆಪ್ಟೆಂಬರ್ 30ರ ನಸುಕು, 3 ಗಂಟೆ 56 ನಿಮಿಷಕ್ಕೆ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಗಣೇಶನನ್ನು ಕಳಿಸಿ ದಣಿದು ಮಲಗಿದ್ದ ಊರುಗಳು. ತೀವ್ರತೆ 6.2, ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಕೊಂದದ್ದು ಮನೆಗಳೇ. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಕಟ್ಟಿಗೆ, ಅದರ ಮೇಲೆ ವರ್ಷವರ್ಷ ಹಾಕಿದ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪು, ಕಂಪನಕ್ಕೆ ಗೋರಿ. ಭಾಲ್ಕಿ, ಔರಾದದ ಹಳೆಯ ಮನೆಗಳೂ ಅದೇ ಬಗೆಯವು. ಅಂದು ನಮ್ಮ ಕಡೆಯೂ ಜನ ಹೊರಗೆ ಓಡಿದರು, ವಾರಗಟ್ಟಲೆ ಅಂಗಳದಲ್ಲಿ ಮಲಗಿದರು.

ಅದಕ್ಕೂ ಐದು ವರ್ಷ ಮುಂಚಿನ ಸೆಪ್ಟೆಂಬರ್ ಬಗ್ಗೆ ಬೀದರ ನಗರದಲ್ಲಿ ಯಾರೂ ತಾವಾಗಿ ಮಾತೆತ್ತುವುದಿಲ್ಲ. 1988ರ ತಿಂಗಳ ಮಧ್ಯದಲ್ಲಿ, ಗಣೇಶ ಹಬ್ಬದ ದಿನಗಳಲ್ಲಿ, ಇಲ್ಲಿ ಎಂಜಿನಿಯರಿಂಗ್ ಓದಲು ಬಂದಿದ್ದ ಸಿಖ್ ಹುಡುಗರ ಮೇಲೆ ದಾಳಿ ನಡೆಯಿತು. ಆರು ವಿದ್ಯಾರ್ಥಿಗಳ ಜೀವ ಹೋಯಿತು. ಗುರು ನಾನಕರ ಹೆಸರಿನ ಝರಿ ಇರುವ ಊರಿದು. ಖಾಲ್ಸಾದ ಮೊದಲ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರದವರು ಎಂದು ಸಿಖ್ ಪರಂಪರೆ ನಂಬುತ್ತದೆ, ನಾವೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಆರು ಹುಡುಗರ ವಿಷಯ ನಮ್ಮಲ್ಲಿ ಹಲವರು ಮೊದಲು ಕೇಳಿದ್ದು ಬೀದರದಲ್ಲಲ್ಲ, ಹೊರಗೆ.

ಈಗ ಸೆಪ್ಟೆಂಬರ್ 17 ಬಂದರೆ ಒಂದೇ ಹಳೆಯ ಜಿಲ್ಲೆಯಲ್ಲಿ ಏನೇನು ನಡೆಯುತ್ತದೆ ನೋಡಿ. ಉದಗೀರದಲ್ಲಿ ಅದು ಮರಾಠವಾಡಾ ಮುಕ್ತಿಸಂಗ್ರಾಮ ದಿನ. ಜಹೀರಾಬಾದಿನಲ್ಲಿ, ತೆಲಂಗಾಣ ಸರ್ಕಾರ 2022ರಲ್ಲಿ ರಾಷ್ಟ್ರೀಯ ಸಮೈಕ್ಯತಾ ದಿನ ಎಂದಿತು, ಸರ್ಕಾರ ಬದಲಾದ ಮೇಲೆ 2024ರಲ್ಲಿ ಪ್ರಜಾಪಾಲನಾ ದಿನೋತ್ಸವ ಎಂದಿತು. ಕೇಂದ್ರ ಸರ್ಕಾರ 2022ರಿಂದ ಹೈದರಾಬಾದ್ ವಿಮೋಚನಾ ದಿನ ಆಚರಿಸುತ್ತಿದೆ. ಬೀದರದಲ್ಲಿ ನಾವು ಚಿಕ್ಕವರಿದ್ದಾಗ ಅದು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ. 2019ರ ಸೆಪ್ಟೆಂಬರ್ 17ರಿಂದ ನಮ್ಮ ಭಾಗ ಕಲ್ಯಾಣ ಕರ್ನಾಟಕವಾಯಿತು, ದಿನವೂ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ಬಸವಣ್ಣನ ಕಲ್ಯಾಣದ ಹೆಸರು ನಮ್ಮ ಮೇಲೆ ಬಂದದ್ದಕ್ಕೆ ಯಾರಿಗೂ ಬೇಸರವಿಲ್ಲ. ಆದರೆ ಉತ್ಸವ ಎಂದು ಕರೆದ ಮೇಲೆ, ಶಾಲೆಯ ಮಗು ‘ಯಾರಿಂದ ವಿಮೋಚನೆ, ಯಾರಿಗೆ’ ಎಂದು ಕೇಳುವ ಅವಕಾಶವೂ ಹೋಯಿತು. ಆ ಪ್ರಶ್ನೆ ಕೇಳಿಸಿಕೊಳ್ಳುವಂತಿತ್ತು. ಅದಕ್ಕೆ ಉತ್ತರ ಹುಡುಕುವಾಗಲೇ ಗೋರಟಾವೂ ಸಿಗುತ್ತಿತ್ತು, ಶೋಯೇಬುಲ್ಲಾ ಖಾನರೂ ಸಿಗುತ್ತಿದ್ದರು.

ಪ್ರತಿ ವರ್ಷ ಅಂದು ನಮ್ಮಂಥ ವರದಿಗಾರರು ಬರೆಯುವ ಸುದ್ದಿಯೂ ಒಂದೇ. ಉಸ್ತುವಾರಿ ಸಚಿವರು ಧ್ವಜಾರೋಹಣ ಮಾಡಿದರು, ಪೆರೇಡ್ ವಂದನೆ ಸ್ವೀಕರಿಸಿದರು, ಪಟೇಲರನ್ನು ನೆನೆದರು, 371(ಜೆ) ಕಲಮಿನಿಂದ ಆಗಿರುವ ಅನುಕೂಲ ವಿವರಿಸಿದರು. ಹಿಂದಿನ ವರ್ಷದ ಸುದ್ದಿ ತೆಗೆದು ಸಚಿವರ ಹೆಸರು ಬದಲಿಸಿದರೆ ಸಾಕು, ಕೆಲಸ ಮುಗಿಯಿತು.

ಈ ಸಲ ಬೇರೆ ಕೆಲಸ ಹಚ್ಚಿಕೊಂಡಿದ್ದೇವೆ. ಪೊಲೀಸ್ ಆಕ್ಷನ್ ವೇಳೆ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಅವರ ಬಳಿ ಹೋಗಿ ಎರಡು ಪ್ರಶ್ನೆ ಕೇಳುತ್ತೇವೆ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇವೆ. ಆಗ ನಿಮ್ಮೂರಿಗೆ ಯಾರು ಬಂದರು? ಆಮೇಲೆ ನಿಮ್ಮೂರಿನಿಂದ ಯಾರು ಹೋದರು? ಮೊದಲನೆಯದಕ್ಕೆ ಎಲ್ಲರೂ ತಡವಿಲ್ಲದೆ ಹೇಳುತ್ತಾರೆ, ಮಿಲಿಟರಿ ಯಾವ ರಸ್ತೆಯಿಂದ ಬಂತು, ಯಾರ ಮನೆಯ ಮುಂದೆ ನಿಂತು ನೀರು ಕುಡಿಯಿತು ಎಂಬುದೆಲ್ಲ ನೆನಪಿದೆ. ಎರಡನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಕೆಲವರು ಓಣಿಯ ಒಂದು ಮೂಲೆಗೆ ಕೈ ತೋರಿಸಿ, ಅಲ್ಲಿ ಯಾರ ಮನೆ ಇತ್ತು ಎಂದು ಹೇಳಲು ಶುರು ಮಾಡುತ್ತಾರೆ.